ಬಲೆಯ ಮೇಲೆ ಹೊರಿಸಿದ ತಪ್ಪು

ಜೂನ್ ತಿಂಗಳ ಮೊದಲ ಜಡಿಮಳೆಗೆ ಉಲ್ಹಾಸ್ ನದಿಯ ತೋಡುಗಳಲ್ಲಿ ಕೆನ್ನೀರು ಏರುತ್ತಿದ್ದಂತೆ ಕಲ್ಯಾಣ, ಅಂಬರನಾಥ ಕಡೆಯ ಹಳ್ಳಿಗರು ಬುಟ್ಟಿ, ಬಲೆ ಹಿಡಿದು ಗದ್ದೆಗಿಳಿಯುವುದು ತಲೆಮಾರುಗಳಿಂದ ಬಂದ ರೂಢಿ. ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನುಗಳು ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹತ್ತುವ ಈ ಹೊತ್ತಿಗೆ ಅಲ್ಲಿ ವಲಗಣ ಎನ್ನುತ್ತಾರೆ. ಮಲೆನಾಡಿನ ಹತ್ತುಮೀನಿನ ಬೇಟೆ, ತುಳುನಾಡಿನ ಉಬರ್ ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣದು. ಬ್ರಿಟಿಷ್ ಸರಕಾರದ ಮೀನುಗಾರಿಕಾ ಅಧಿಕಾರಿ ಫ್ರಾನ್ಸಿಸ್ ಡೇ 1873ರಲ್ಲಿ ಭಾರತ ಮತ್ತು ಬರ್ಮಾದ ಸಿಹಿನೀರಿನ ಮೀನುಗಳ ಬಗ್ಗೆ ವರದಿ ಬರೆದಾಗ ಬೊಟ್ಟು ಮಾಡಿದ್ದು ಇಂಥ ರೂಢಿಗಳತ್ತಲೇ: ಬಸುರಿ ಮೀನನ್ನೂ ಮರಿಯನ್ನೂ ಬಳಿದು ಹಿಡಿಯುವ ಹಳ್ಳಿಗರು ಹೊಳೆಯನ್ನು ಬರಿದು ಮಾಡುತ್ತಿದ್ದಾರೆ ಎಂದು. 1897ರ ಭಾರತೀಯ ಮೀನುಗಾರಿಕಾ ಕಾಯ್ದೆ ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು ನಿಷೇಧಿಸಿತು. ಬಲೆಯ ಕಣ್ಣು, ನೆಟ್ಟ ಬಲೆಗಳ ಮೇಲೆ ನಿಯಮ ಮಾಡುವ ಅಧಿಕಾರವನ್ನೂ ಸರಕಾರಕ್ಕೆ ಕೊಟ್ಟಿತು. ಅಂದಿನಿಂದ ಇಂದಿನವರೆಗೆ ಮೀನು ಕಡಿಮೆಯಾಯಿತು ಎಂದೊಡನೆ ನಮ್ಮ ಕಣ್ಣು ಹೋಗುವುದು ಹಿಡಿಯುವ ಕೈಯ ಕಡೆಗೆ. ಉಲ್ಹಾಸ್ ನದಿಗೆ ಕೂಡಿಕೊಂಡ ಠಾಣೆ ಖಾಡಿಯ (ಅಳಿವೆಯ) ಮಟ್ಟಿಗೆ ಈ ಲೆಕ್ಕ ತಪ್ಪಿದೆ ಎಂಬುದು ನನ್ನ ವಾದ. ಅಲ್ಲಿ ವಿಚಾರಿಸಬೇಕಾದದ್ದು ಮೊಟ್ಟೆಯ ಮೇಲಿನ ತೆಳು ಕವಚವನ್ನು.

ಕಾಲಾನುಕ್ರಮವನ್ನೇ ನೋಡಿ. ಡೇ ವರದಿ ಬರೆದು ತೊಂಬತ್ತು ವರ್ಷ ಕಳೆದ ಮೇಲೂ ವಲಗಣಕ್ಕೆ ಮೀನು ಹತ್ತುತ್ತಿತ್ತು, ಠಾಣೆಯ ಚೆಂದಣಿ ಕೋಲಿವಾಡದ, ಬೇಲಾಪುರದ ದಿವಾಳೆಯ ಕೋಲಿ ಮೀನುಗಾರರಿಗೆ ಖಾಡಿಯೇ ಅನ್ನ ಕೊಡುತ್ತಿತ್ತು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿತು. ಠಾಣೆಯ ವಾಗ್ಳೆ ಎಸ್ಟೇಟಿನ ಬೆನ್ನಿಗೆ ಠಾಣೆ–ಬೇಲಾಪುರ ರಸ್ತೆಯುದ್ದಕ್ಕೂ, ಡೊಂಬಿವಲಿಯಲ್ಲೂ ರಾಸಾಯನಿಕ ಕಾರ್ಖಾನೆಗಳು ಎದ್ದವು. 1970ರಲ್ಲಿ ನಗರ ನಿರ್ಮಾಣದ ನಿಗಮ ಸಿಡ್ಕೋ ಬಂದು ನವಿಮುಂಬಯಿಯ ನಕ್ಷೆ ಬರೆಯತೊಡಗಿತು, 1973ರಲ್ಲಿ ವಾಶಿಯ ಮೊದಲ ಸೇತುವೆ ತೆರೆಯಿತು. 1981ರ ಹೊತ್ತಿಗೆ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಠಾಣೆ ಖಾಡಿಯ ಪಾದರಸದ ಬಗ್ಗೆ ಪ್ರಬಂಧವನ್ನೇ ಪ್ರಕಟಿಸಿದ್ದರು. ಖಾಡಿಯ ಮೀನುಗಾರಿಕೆ ಸೊರಗಿದ್ದು ಈ ಕೆಲವೇ ದಶಕಗಳಲ್ಲಿ. ನೂರಾರು ವರ್ಷ ಅದೇ ಬುಟ್ಟಿ, ಅದೇ ಬಲೆ ಇದ್ದೂ ಬಾಳಿದ ಮೀನು ಇಷ್ಟು ಬೇಗ ಸೋತಿತೆಂದರೆ ಬದಲಾದದ್ದು ಬುಟ್ಟಿಯಲ್ಲ.

ಮೊಟ್ಟೆಯ ಕವಚಕ್ಕೂ ಇದಕ್ಕೂ ಏನು ಸಂಬಂಧ? ತವಾದ ಮೇಲೆ ಹುರಿಯುವ ಗಾಬೋಳಿಯ (ಮೀನಿನ ಮೊಟ್ಟೆಯ) ಹಸಿ ಕಾಳೊಂದನ್ನು ಬೆರಳಿನಲ್ಲಿ ಹಿಸುಕಿದರೆ ಪಿಚಕ್ಕನೆ ಒಡೆಯುತ್ತದೆ. ತಾಯಿಯ ಹೊಟ್ಟೆಯೊಳಗಿರುವಾಗ ಕವಚ ಇನ್ನೂ ಮೆತು. ಮೊಟ್ಟೆ ನೀರಿಗೆ ಬಿದ್ದ ಮೇಲೆ ಅದರ ಅಂಚಿನ ಸಣ್ಣ ಚೀಲಗಳು ಒಡೆದು ಕಿಣ್ವ ಹೊರಬರುತ್ತದೆ. ಪ್ರೊಟೀನ್ ಎಳೆಗಳು ಒಂದಕ್ಕೊಂದು ಬೆಸೆದು ಕವಚ ಗಡುಸಾಗುತ್ತದೆ. ವೀರ್ಯ ಒಳಹೋಗಲು ಇರುವುದು ಸೂಜಿಮೊನೆಗಿಂತ ಸಣ್ಣ ಒಂದೇ ರಂಧ್ರ. ಮರಿ ಹೊರಬರುವ ಹೊತ್ತಿಗೆ ತಾನೇ ಇನ್ನೊಂದು ಕಿಣ್ವ ಸುರಿಸಿ ಗೋಡೆಯನ್ನು ಒಳಗಿನಿಂದ ಕರಗಿಸುತ್ತದೆ. ಗೋಡೆ ತೆಳುವಾದರೆ ಬೂಸ್ಟು, ಬ್ಯಾಕ್ಟೀರಿಯಾ ನುಗ್ಗುತ್ತವೆ. ಕರಗದೆ ಉಳಿದರೆ ಮರಿ ಒಳಗೇ ಸಾಯುತ್ತದೆ. ಈ ಪ್ರೊಟೀನುಗಳು ಅಂಡಾಶಯದಲ್ಲೇ ತಯಾರಾಗುತ್ತವೆ ಎಂದು ಬಹುಕಾಲ ನಂಬಿದ್ದರು. 1980ರ ದಶಕದಲ್ಲಿ ಜಪಾನಿನ ಹಮಾಜಾಕಿ, ಇಯುಚಿ, ಯಮಗಾಮಿ ಮೆಡಕಾ ಎಂಬ ಪುಟ್ಟ ಮೀನಿನಲ್ಲಿ ತೋರಿಸಿದ್ದು ಬೇರೆ: ಮೂಲದ್ರವ್ಯ ತಾಯಿಯ ಯಕೃತ್ತಿನಲ್ಲಿ, ಈಸ್ಟ್ರೋಜನ್ ಅಪ್ಪಣೆಯ ಮೇರೆಗೆ ತಯಾರಾಗಿ ರಕ್ತದ ಮೂಲಕ ಮೊಟ್ಟೆಗೆ ತಲುಪುತ್ತದೆ. ಅದಕ್ಕೆ ಕೋರಿಯೋಜೆನಿನ್ ಎಂಬ ಹೆಸರು ಬಂದದ್ದು ಆಮೇಲೆ. ನಾರ್ವೆಯ ಬರ್ಗನ್‌ನ ಸಂಶೋಧಕರು 1997ರಲ್ಲಿ ಸಾಲ್ಮನ್ ಮರಿಗಳ ಮೇಲೆ ಪ್ರಯೋಗಿಸಿ, ಈಸ್ಟ್ರೋಜನ್ನಿನ ವೇಷ ಹಾಕುವ ನಾನಿಲ್‌ಫಿನಾಲ್‌ನಂಥ ರಾಸಾಯನಿಕಕ್ಕೆ ಮೊಟ್ಟೆಯ ಹಳದಿಯ ಪ್ರೊಟೀನಿಗಿಂತ ಈ ಕವಚದ ಪ್ರೊಟೀನೇ ಬೇಗ ಓಗೊಡುತ್ತದೆ ಎಂದು ತೋರಿಸಿದರು. ಈ ನಾನಿಲ್‌ಫಿನಾಲ್ ಬಟ್ಟೆ ತೊಳೆಯುವ, ಬಣ್ಣ ಹಾಕುವ ಉದ್ಯಮಗಳ ಮಾರ್ಜಕಗಳು ನೀರಿನಲ್ಲಿ ಒಡೆದಾಗ ಉಳಿಯುವಂಥದು. ಉಲ್ಹಾಸನಗರ, ಕಲ್ಯಾಣ, ಭಿವಂಡಿಗಳ ಉದ್ಯಮವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ಖಾಡಿಯ ಹೆಮ್ಮೆಯ ಮೀನಾದ ಜಿತಾಡಾ ಮೊಟ್ಟೆಯಿಡುವುದು ಉಪ್ಪು ಹೆಚ್ಚಿರುವ ಅಳಿವೆಯ ಬಾಯಲ್ಲಿ, ಬೊಯ್ (ಮಲೆಟ್) ಮೀನಂತೂ ಅದಕ್ಕಾಗಿ ಕಡಲಿಗೇ ಹೋಗುತ್ತದೆ. ಹಾಗಿದ್ದ ಮೇಲೆ ಡೊಂಬಿವಲಿಯ ನಾಲೆಯ ನೀರು ಅವುಗಳ ಮೊಟ್ಟೆಯನ್ನು ಮುಟ್ಟುವುದೆಲ್ಲಿ? ಯಕೃತ್ತಿನ ಸಂಗತಿ ಮುಖ್ಯವಾಗುವುದು ಇಲ್ಲೇ. ಮೊಟ್ಟೆ ಕಡಲಿಗೆ ಬಿದ್ದರೂ ಕವಚದ ಸಾಮಗ್ರಿ ತಯಾರಾಗಿದ್ದು ತಾಯಿ ಖಾಡಿಯಲ್ಲಿ ಮೇಯುತ್ತಿದ್ದಾಗ. ಜಿತಾಡಾದ ಬಾಳುವೆಯಂತೂ ಇನ್ನೂ ವಿಚಿತ್ರ: ಅದು ಮೊದಲು ಗಂಡಾಗಿ ಬೆಳೆದು, ಸಾಮಾನ್ಯವಾಗಿ 6ರಿಂದ 8 ವರ್ಷದ ಹೊತ್ತಿಗೆ ಹೆಣ್ಣಾಗುತ್ತದೆ. ಅಂದರೆ ಪ್ರತಿ ತಾಯಿಯೂ ವರ್ಷಗಟ್ಟಲೆ ಈ ನೀರು ಕುಡಿದು ಬಂದದ್ದೇ. ಆದರೆ ವಲಗಣಕ್ಕೆ ಹತ್ತುವ ಗೆಂಡೆ ಜಾತಿಯ ಮೀನುಗಳ ಮೇಲೆ ಈ ವಾದವನ್ನು ಹಾಗೆಯೇ ಹೊರಿಸುವಂತಿಲ್ಲ. ಅವುಗಳಲ್ಲಿ ಕವಚದ ಪ್ರೊಟೀನ್ ತಯಾರಾಗುವುದು ಅಂಡಾಶಯದಲ್ಲೇ. ಅವುಗಳಿಗೆ ಅಪಾಯ ಬರುವುದು ಕೊನೆಯ ಗಳಿಗೆಯಲ್ಲಿ, ಮೊಟ್ಟೆ ನೀರಿಗೆ ಬಿದ್ದು ಕವಚ ಬಿಗಿಯುವಾಗ ಮತ್ತು ಮರಿ ಅದನ್ನು ಕರಗಿಸುವಾಗ. ಆಮ್ಲ ಬೆರೆತ ನೀರಿನಲ್ಲಿ ಮರಿಯ ಕಿಣ್ವ ಮಂಕಾಗುತ್ತದೆ ಎಂಬುದು ಹಳೆಯ ತಿಳಿವಳಿಕೆ. ಬಾಗಿಲು ಬೇರೆಯಾದರೂ ನುಗ್ಗಿದ್ದು ಅದೇ ನೀರು.

ಇನ್ನು, ಕಾಂಡ್ಲಾ ಕಾಡು ಕಡಿದದ್ದು, ಮಣ್ಣು ತುಂಬಿ ಊರು ಕಟ್ಟಿದ್ದು, ಸೇತುವೆಯ ಕಂಬಗಳ ಸುತ್ತ ಹೂಳು ನಿಂತದ್ದು, ಇಷ್ಟೇ ಸಾಲದೇ ಎನ್ನಬಹುದು. ಮರಿಗಳ ಮನೆ ಹೋದದ್ದು ಖಂಡಿತ ದೊಡ್ಡ ಕಾರಣ, ಅದನ್ನು ತಳ್ಳಿಹಾಕುವವನು ನಾನಲ್ಲ. ಆದರೆ ಯಾವ ಮೀನು ಉಳಿಯಿತು ಎಂಬುದನ್ನೂ ಗಮನಿಸಬೇಕು. 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಾ ಈ ಖಾಡಿಯಲ್ಲಿ ಸುಖವಾಗಿದೆ. ಅದು ಮೊಟ್ಟೆಗಳನ್ನು ನೀರಿನ ಪಾಲಿಗೆ ಬಿಡದೆ ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ. ಫ್ಲೆಮಿಂಗೊಗಳನ್ನು ತೋರಿಸಿ ಖಾಡಿ ಚೆನ್ನಾಗಿದೆ ಎನ್ನುವವರೂ ಇದ್ದಾರೆ. 2022ರಲ್ಲಿ ಅದು ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು ಸಂತೋಷವೇ, ಆದರೆ ಆ ಹಕ್ಕಿ ಸೋಸಿ ತಿನ್ನುವುದು ಪಾಚಿ, ಸಣ್ಣ ಜೀವಿಗಳನ್ನು. ಚರಂಡಿ ನೀರು ಪಾಚಿಗೆ ಗೊಬ್ಬರ. ಹಕ್ಕಿ ಬಂತೆಂದು ಮೀನಿನ ಸಾಕ್ಷ್ಯ ಹೇಳಿಸುವಂತಿಲ್ಲ.

ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಕಡಲಿನ ಯಾಂತ್ರಿಕ ದೋಣಿಗಳಿಗೆ ಮಾತ್ರ. ಅದಕ್ಕೂ ಮೊದಲಿನಿಂದ ಕೋಲಿಗಳು ನಾರಳಿ ಪೂರ್ಣಿಮೆಯಂದು ತೆಂಗಿನಕಾಯಿ ಅರ್ಪಿಸುವವರೆಗೆ ಕಡಲಿಗಿಳಿಯುತ್ತಿರಲಿಲ್ಲ. ಬಿರುಗಾಳಿಯ ಭಯಕ್ಕೇ ಸುಮ್ಮನಿದ್ದರು ಅನ್ನಿ, ಮೀನಿಗಂತೂ ಬಿಡುವು ಸಿಗುತ್ತಿತ್ತು. ಕಾರ್ಖಾನೆಯ ಕೊಳವೆಗೆ ಅಂಥ ಹುಣ್ಣಿಮೆಯಿಲ್ಲ. 2021ರಲ್ಲಿ ಬಾಂಬೆ ಹೈಕೋರ್ಟು ವಾಶಿಯ ಮೂರನೇ ಸೇತುವೆಯಿಂದ ನೊಂದ ಮೀನುಗಾರರಿಗೆ ಪರಿಹಾರ ಸಲ್ಲಬೇಕೆಂದಿತು. ಸೇತುವೆ ಕಣ್ಣಿಗೆ ಕಾಣುವ ವಸ್ತು, ಅದರ ನಷ್ಟವನ್ನು ಅಳೆಯಬಹುದು. ನೀರಿನ ನಷ್ಟವನ್ನು ಅಳೆಯಲೂ ದಾರಿಯಿದೆ, ಅದೇನೂ ದುಬಾರಿಯಲ್ಲ. ಐರೋಲಿಯಲ್ಲೋ ವಾಶಿಯಲ್ಲೋ ಹಿಡಿದ ಗಂಡು ಬೊಯ್ ಮೀನಿನ ರಕ್ತ ತೆಗೆದು ಕವಚದ ಪ್ರೊಟೀನ್ ಇದೆಯೇ ಎಂದು ಪರೀಕ್ಷಿಸಬೇಕು. (ಜಿತಾಡಾ ಬೇಡ, ಅದು ಹೇಗೂ ಮುಂದೆ ಹೆಣ್ಣಾಗುವಂಥದು.) ಮೊಟ್ಟೆಯಿಡದ ಗಂಡಿಗೆ ಆ ಪ್ರೊಟೀನಿನಿಂದ ಆಗಬೇಕಾದದ್ದೇನೂ ಇಲ್ಲ, ಅದು ಗಣನೀಯವಾಗಿ ಸಿಕ್ಕರೆ ಅಪ್ಪಣೆ ಕೊಟ್ಟದ್ದು ನೀರು ಎಂದೇ ಅರ್ಥ.