ಹೊಸ ಹೆಡ್‌ಲೈಟ್ ಹಾಕಿದ ಮೇಲೆ ಹಗಲು ದೀಪ ಆರಿಸಬೇಕೇ?

ಶಿಕಾರಿಪುರ: ಶಿಕಾರಿಪುರದಿಂದ ಶಿರಾಳಕೊಪ್ಪದ ಮೂಲಕ ಸೊರಬಕ್ಕೆ ಸಾಗುವ ಹಾದಿಯಲ್ಲಿ ಮಳೆಗಾಲದ ಸಂಜೆ ಎದುರಿನ ವಾಹನ ಕಣ್ಣಿಗೆ ಬೀಳುವುದು ಅದರ ದೀಪದಿಂದಲೇ. ಈ ಅರೆಮಲೆನಾಡಿನಲ್ಲಿ ಕಾರು, ಬಸ್ಸುಗಳ ಜೊತೆಗೆ ಭತ್ತ, ಮೆಕ್ಕೆಜೋಳ ಹೊತ್ತ ಟ್ರ್ಯಾಕ್ಟರ್, ಬೈಕ್, ಎತ್ತಿನಗಾಡಿ, ಪಾದಚಾರಿಗಳಿಗೆಲ್ಲ ಒಂದೇ ರಸ್ತೆ. ಇಂತಹ ಕಡೆ ಕಾರಿನ ದೀಪಕ್ಕೆ ಎರಡು ಹೊಣೆ. ಒಂದು, ಚಾಲಕನಿಗೆ ದಾರಿ ತೋರುವುದು. ಇನ್ನೊಂದು, ಕಾರು ಬರುತ್ತಿದೆ ಎಂದು ಇತರರಿಗೆ ತಿಳಿಸುವುದು. ಈ ಎರಡನೆಯ ಕೆಲಸಕ್ಕೆಂದೇ ರೂಪುಗೊಂಡದ್ದು ಡೇಟೈಮ್ ರನ್ನಿಂಗ್ ಲೈಟ್, ಅಂದರೆ ಡಿಆರ್‌ಎಲ್.

ಕಂಪನಿಯ ಹೆಡ್‌ಲೈಟ್ ತೆಗೆಸಿ ಆಕ್ಸೆಸರೀಸ್ ಅಂಗಡಿಯಲ್ಲಿ ಎಚ್‌ಐಡಿ ಅಥವಾ ಎಲ್‌ಇಡಿ ದೀಪ ಹಾಕಿಸಿದ ಕೆಲವು ಕಾರುಗಳಲ್ಲಿ ಡಿಆರ್‌ಎಲ್ ತೊಂದರೆ ಕೊಡುವುದುಂಟು. ಆಗ ಮೊದಲು ಸೂಚಿತವಾಗುವ ಪರಿಹಾರ ಅದರ ಫ್ಯೂಸ್ ಕೀಳುವುದು. ಕೆಲವೊಮ್ಮೆ ಇದು ಅನಿವಾರ್ಯವೂ ಹೌದು. ಆದರೆ ಎಲ್ಲ ಕಾರುಗಳಿಗೂ ಅದೇ ಮದ್ದಲ್ಲ.

ಏನಿದು ಡಿಆರ್‌ಎಲ್?

ಎಂಜಿನ್ ಚಾಲೂ ಆದೊಡನೆ ತಾನಾಗಿ ಹೊತ್ತಿಕೊಳ್ಳುವ ಬಿಳಿಯ ದೀಪವಿದು. ಹಗಲಿನಲ್ಲಿಯೂ ದೀಪ ಉರಿಸುವ ಪದ್ಧತಿ ಸೂರ್ಯನ ಬೆಳಕು ಕಡಿಮೆ ಇರುವ ಉತ್ತರ ಯೂರೋಪಿನಿಂದ ಬಂದದ್ದು. ಫಿನ್ಲೆಂಡ್ 1972ರಲ್ಲಿ ಚಳಿಗಾಲದ ಗ್ರಾಮೀಣ ರಸ್ತೆಗಳಿಗೆ, ಸ್ವೀಡನ್ 1977ರಲ್ಲಿ ಎಲ್ಲ ರಸ್ತೆಗಳಿಗೆ ಇದನ್ನು ಕಡ್ಡಾಯಗೊಳಿಸಿದವು. 2011ರ ಫೆಬ್ರುವರಿಯಿಂದ ಐರೋಪ್ಯ ಒಕ್ಕೂಟವು ಹೊಸ ಮಾದರಿಯ ಕಾರುಗಳಲ್ಲಿ ಡಿಆರ್‌ಎಲ್ ಇರಲೇಬೇಕೆಂದು ವಿಧಿಸಿತು.

ಭಾರತದಲ್ಲಿ ಕಾರುಗಳಿಗೆ ಇದು ಕಡ್ಡಾಯವಲ್ಲ. ದ್ವಿಚಕ್ರ ವಾಹನಗಳ ವಿಚಾರ ಬೇರೆ. 2017ರ ಏಪ್ರಿಲ್ 1ರಿಂದ ತಯಾರಾದ ಬೈಕ್, ಸ್ಕೂಟರ್‌ಗಳಲ್ಲಿ ಹೆಡ್‌ಲೈಟ್ ಸದಾ ಉರಿಯುತ್ತಿರಬೇಕು ಅಥವಾ ಡಿಆರ್‌ಎಲ್ ಇರಬೇಕು. ಆದುದರಿಂದ ಇವುಗಳಿಗೆ ಸ್ವಿಚ್ ಹಾಕಿಸಿ ದೀಪ ಆರಿಸುವುದು ನಿಯಮಕ್ಕೆ ವಿರುದ್ಧ.

ಅಂತರರಾಷ್ಟ್ರೀಯ ಮಾನದಂಡದಂತೆ ಡಿಆರ್‌ಎಲ್‌ನ ಪ್ರಖರತೆ 400ರಿಂದ 1200 ಕ್ಯಾಂಡೆಲಾದೊಳಗೆ ಇರಬೇಕು. ಹೆಡ್‌ಲೈಟ್ ಹಾಕಿದೊಡನೆ ಅದು ತಾನಾಗಿ ಆರಬೇಕು. ಹಲವು ಕಾರುಗಳಲ್ಲಿ ಅದೇ ದೀಪ ಮಂದವಾಗಿ ಪಾರ್ಕಿಂಗ್ ಲೈಟ್‌ನ ಕೆಲಸ ಮಾಡುತ್ತದೆ. ಹೊರಗೆ ಹಾಕಿಸಿದ ದೀಪಗಳಲ್ಲಿ ಹಲವು ವೇಳೆ ತಪ್ಪುವುದು ಈ ಸಂಪರ್ಕವೇ.

ತೊಂದರೆ ಎಲ್ಲಿ?

ಡಿಆರ್‌ಎಲ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಬಂಪರ್‌ನಲ್ಲಿಯೋ ಹೆಡ್‌ಲೈಟ್‌ನ ಅಂಚಿನಲ್ಲಿಯೋ ಇರುವ ಪ್ರತ್ಯೇಕ ಎಲ್‌ಇಡಿ ಪಟ್ಟಿ ಮೊದಲನೆಯದು. ಹೆಡ್‌ಲೈಟ್‌ನ ಬಲ್ಬನ್ನೇ ಕಡಿಮೆ ವೋಲ್ಟೇಜ್‌ನಲ್ಲಿ ಉರಿಸುವುದು ಎರಡನೆಯದು.

ಎರಡನೆಯ ಬಗೆಯ ಕಾರಿಗೆ ಎಚ್‌ಐಡಿ ಕಿಟ್ ಹೊಂದುವುದಿಲ್ಲ. ಎಚ್‌ಐಡಿ ಬಲ್ಬ್ ಹೊತ್ತಿಕೊಳ್ಳಲು ಅದರ ಬ್ಯಾಲಾಸ್ಟ್ ಕ್ಷಣಕಾಲ 20 ಸಾವಿರ ವೋಲ್ಟ್‌ಗೂ ಹೆಚ್ಚಿನ ವಿದ್ಯುತ್ ಉತ್ಪಾದಿಸುತ್ತದೆ. ಅದಕ್ಕೆ ಬ್ಯಾಟರಿಯಿಂದ ಸ್ಥಿರವಾದ ಪೂರೈಕೆ ಬೇಕು. ಅರ್ಧ ವೋಲ್ಟೇಜ್ ಅಥವಾ ತುಂಡು ತುಂಡಾದ ಪೂರೈಕೆ ದೊರೆತರೆ ದೀಪ ಮಿನುಗುತ್ತದೆ, ಹೊತ್ತಿ ಆರುತ್ತದೆ, ಬ್ಯಾಲಾಸ್ಟ್ ಸುಡಲೂಬಹುದು. ಎಲ್‌ಇಡಿ ಬಲ್ಬ್‌ಗಳೂ ಇದೇ ಕಾರಣದಿಂದ ಮಿನುಗುತ್ತವೆ. ಇಂತಹ ಕಾರಿನಲ್ಲಿ ಡಿಆರ್‌ಎಲ್ ನಿಷ್ಕ್ರಿಯಗೊಳಿಸಬೇಕು ಇಲ್ಲವೇ ಹಳೆಯ ಹ್ಯಾಲೊಜೆನ್ ಬಲ್ಬ್‌ಗೆ ಮರಳಬೇಕು.

ಪ್ರತ್ಯೇಕ ಪಟ್ಟಿ ಇರುವ ಕಾರುಗಳಲ್ಲಿ ಸಮಸ್ಯೆ ಸಾಮಾನ್ಯವಾಗಿ ವೈರಿಂಗ್‌ನದ್ದು. ಡಿಆರ್‌ಎಲ್ ತಂತಿಯನ್ನು ನೇರ ಬ್ಯಾಟರಿಗೆ ಜೋಡಿಸಿದ್ದರೆ ಕಾರು ನಿಂತ ಮೇಲೂ ದೀಪ ಉರಿದು ಬ್ಯಾಟರಿ ಬರಿದಾಗುತ್ತದೆ. ಇಲ್ಲಿ ದೀಪ ಆರಿಸುವುದಕ್ಕಿಂತ, ಇಗ್ನಿಷನ್ ಜೊತೆ ಹೊತ್ತಿ ಹೆಡ್‌ಲೈಟ್ ಹಾಕಿದಾಗ ಆರುವಂತೆ ರಿಲೇ ಕೊಡಿಸುವುದೇ ಸೂಕ್ತ.

ಆರಿಸುವ ಕ್ರಮ

* ಮೊದಲು ಕಾರಿನ ಕೈಪಿಡಿ ನೋಡಬೇಕು. ಕೆಲವು ಕಾರುಗಳಲ್ಲಿ ಡಿಆರ್‌ಎಲ್ ಆರಿಸುವ ಆಯ್ಕೆ ಮೆನುವಿನಲ್ಲಿಯೇ ಇರುತ್ತದೆ. ಇನ್ನು ಕೆಲವಕ್ಕೆ ಸರ್ವಿಸ್ ಸೆಂಟರ್‌ನ ಸ್ಕ್ಯಾನರ್ ಬೇಕು.

* ಪ್ರತ್ಯೇಕ ಫ್ಯೂಸ್ ಅಥವಾ ರಿಲೇ ಇದ್ದರೆ ಅದನ್ನು ತೆಗೆದು ಜೋಪಾನವಾಗಿ ಇಡಬೇಕು. ಅದೇ ಫ್ಯೂಸ್‌ನಿಂದ ಬೇರೆ ದೀಪಗಳಿಗೂ ವಿದ್ಯುತ್ ಹೋಗುತ್ತಿದ್ದರೆ ಅದನ್ನು ಮುಟ್ಟಬಾರದು.

* ತಂತಿ ಕತ್ತರಿಸಬಾರದು. ಕನೆಕ್ಟರ್ ಬಿಡಿಸಿ, ನೀರು ಸೇರದಂತೆ ಮುಚ್ಚಿ ಕಟ್ಟಬೇಕು. ಮಲೆನಾಡಿನ ಮಳೆಯಲ್ಲಿ ತೆರೆದ ತಂತಿ ಬೇಗ ಕಿಲುಬು ಹಿಡಿದು ಶಾರ್ಟ್ ಸರ್ಕೀಟ್‌ಗೆ ದಾರಿಯಾಗುತ್ತದೆ. ಕತ್ತರಿಸಿದ ವೈರಿಂಗ್‌ಗೆ ಕಂಪನಿ ವಾರಂಟಿ ನಿರಾಕರಿಸಬಹುದು.

* ಕೊನೆಯಲ್ಲಿ ಹೈಬೀಮ್, ಲೋಬೀಮ್, ಇಂಡಿಕೇಟರ್, ಪಾರ್ಕಿಂಗ್ ಲೈಟ್, ಬ್ರೇಕ್ ಲೈಟ್ ಎಲ್ಲವನ್ನೂ ಪರೀಕ್ಷಿಸಬೇಕು.

ಕಿರಣದ ದಿಕ್ಕೇ ಮುಖ್ಯ

ಹಗಲು ದೀಪದ ಚರ್ಚೆಯಲ್ಲಿ ಮರೆತುಹೋಗುವುದು ಹೊಸ ಹೆಡ್‌ಲೈಟ್‌ನ ದಿಕ್ಕು. ರಸ್ತೆಯ ಎಡಬದಿಯಲ್ಲಿ ವಾಹನ ಓಡಿಸುವ ನಮ್ಮಲ್ಲಿ ಲೋಬೀಮ್ ಎಡಕ್ಕೆ ತುಸು ಮೇಲೇರಿ, ಬಲಕ್ಕೆ ತಗ್ಗಿರಬೇಕು. ಬಲಬದಿ ಸಂಚಾರದ ದೇಶಗಳಿಗಾಗಿ ತಯಾರಾದ ದೀಪ ಹಾಕಿದರೆ ಮೇಲೇರಿದ ಬೆಳಕು ನೇರ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹ್ಯಾಲೊಜೆನ್‌ಗೆಂದು ಮಾಡಿದ ರಿಫ್ಲೆಕ್ಟರ್‌ನಲ್ಲಿ ಎಚ್‌ಐಡಿ ಬಲ್ಬ್ ಕೂರಿಸಿದಾಗಲೂ ಬೆಳಕು ಚದುರುತ್ತದೆ. ರಸ್ತೆ ವಿಭಜಕವಿಲ್ಲದ ಹಾದಿಯಲ್ಲಿ ಕಣ್ಣು ಕತ್ತಲಿಟ್ಟ ಬೈಕ್ ಸವಾರ ಅಂಚಿಗೆ ಸರಿಯುತ್ತಾನೆ. ಆ ಅಂಚಿನಲ್ಲಿ ನಡೆದು ಹೋಗುವವರು ಇರುತ್ತಾರೆ.

ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ ಲೋಬೀಮ್ ಹಾಕಿದರೆ, ಬೆಳಕಿನ ಮೇಲಂಚು ಹೆಡ್‌ಲೈಟ್‌ನ ಮಧ್ಯಬಿಂದುವಿಗಿಂತ ಸಾಮಾನ್ಯವಾಗಿ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು.

ಕಾನೂನು ಏನು ಹೇಳುತ್ತದೆ?

ಕೇಂದ್ರ ಮೋಟಾರು ವಾಹನ ನಿಯಮಾವಳಿ, 1989ರ 106ನೇ ನಿಯಮದಂತೆ ಮುಂಭಾಗದ ದೀಪದ ಬೆಳಕು ಕೆಳಮುಖವಾಗಿರಬೇಕು. 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಅದು ಕೋರೈಸಬಾರದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182-ಎ ಕಲಮಿನಂತೆ, ನಿಯಮ ಮೀರಿ ವಾಹನ ಮಾರ್ಪಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5 ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದ ಪೊಲೀಸರು 2024ರ ಜುಲೈನಿಂದ ಪ್ರಕರಣ ದಾಖಲಿಸುವ ಕಾರ್ಯಾಚರಣೆ ಕೈಗೊಂಡಿದ್ದರು.

ಆರಿಸಿದ ಮೇಲೆ

ಡಿಆರ್‌ಎಲ್ ಇರುವ ಹಲವು ಕಾರುಗಳಲ್ಲಿ ಅದು ಉರಿಯುವಾಗ ಹಿಂಬದಿಯ ದೀಪ ಉರಿಯುವುದಿಲ್ಲ. ಮಂಜು ಕವಿದಾಗ ಮುಂದಿನ ಬೆಳಕು ನೋಡಿ ಎಲ್ಲ ದೀಪ ಹೊತ್ತಿದೆಯೆಂದು ಭಾವಿಸುವುದು ಅಪಾಯಕರ. ಡಿಆರ್‌ಎಲ್ ಆರಿಸಿದವರಿಗೆ ಮುಂದೆಯೂ ಬೆಳಕಿಲ್ಲ, ಹಿಂದೆಯೂ ಇಲ್ಲ. ಹಾಗಾಗಿ ಮಳೆ, ಮಂಜು, ಮುಸ್ಸಂಜೆಯಲ್ಲಿ ಲೋಬೀಮ್ ಹಾಕುವುದನ್ನು ಅವರು ಕಡ್ಡಾಯವಾಗಿ ರೂಢಿಸಿಕೊಳ್ಳಬೇಕು. ಸೊರಬದಿಂದ ಚಂದ್ರಗುತ್ತಿಯ ಕಡೆಗೆ ಮಳೆಯಲ್ಲಿ ಹೊರಟ ಕಾರು ಎದುರಿನವರಿಗೆ ಕಾಣಿಸಲು ಆ ಒಂದು ಸ್ವಿಚ್ ಸಾಕು.