ಪದ ಪರಿಚಯ: ಖಾಜಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ‘ಖಾಜಿ’ ಎಂದರೆ ಮೊದಲು ನೆನಪಾಗುವುದು ಅಡ್ಡಹೆಸರು, ಆಮೇಲೆ ನಿಕಾಹ್ ಓದಿಸುವವರು. ಮೂಲ ಅರಬ್ಬಿ ಮಾತಿನಲ್ಲಿ ‘ತೀರ್ಪು ಕೊಡುವವನು’ ಎಂದರ್ಥ. ಅಲ್ಲಿಂದ ಫಾರಸಿಗೆ, ದಖ್ಖನಿಗೆ ದಾಟಿ ಕನ್ನಡಕ್ಕೆ ಬಂತು; ‘ಕಾಜಿ’ ಎಂದೂ ಬರೆಯುವುದುಂಟು. ಗೌಡ, ಕುಲಕರ್ಣಿ, ದೇಸಾಯಿಗಳಂತೆ ಇದೂ ಹುದ್ದೆಯಿಂದ ಮನೆತನದ ಹೆಸರಾದದ್ದು.

ವಿಜಯಪುರದ ಆದಿಲಶಾಹಿ ಆಳ್ವಿಕೆಯಲ್ಲಿ ಖಾಜಿ ನಿಜವಾದ ನ್ಯಾಯಾಧೀಶ. ಮದುವೆ, ವಾರಸು, ಆಸ್ತಿಯ ತಕರಾರು ಅವರ ಮುಂದೆ ಬರುತ್ತಿದ್ದವು. ಬ್ರಿಟಿಷರ ಕೋರ್ಟುಗಳು ಬೇರೂರಿದ ಮೇಲೆ ಆ ಕೆಲಸ ಕೈತಪ್ಪಿತು. 1864ರ ಕಾಯ್ದೆ ಸರ್ಕಾರಿ ನೇಮಕವನ್ನೇ ನಿಲ್ಲಿಸಿತು. 1880ರ ಖಾಜಿಗಳ ಕಾಯ್ದೆ ನೇಮಕಕ್ಕೆ ಮತ್ತೆ ದಾರಿ ಮಾಡಿತಾದರೂ, ಇದರಿಂದ ನ್ಯಾಯದಾನದ ಅಧಿಕಾರವಾಗಲಿ ಆಡಳಿತದ ಅಧಿಕಾರವಾಗಲಿ ಸಿಗದು, ಖಾಜಿ ಇಲ್ಲದೆಯೂ ಮದುವೆ ನಡೆಯಬಹುದು ಎಂದು ಸ್ಪಷ್ಟಪಡಿಸಿತು.

ಉಳಿದದ್ದು ಮದುವೆಯ ಚಪ್ಪರದ ಗೌರವ: ಮೆಹರ್ ಎಷ್ಟೆಂದು ಸಾರಿ, ಸಾಕ್ಷಿಗಳೆದುರು ‘ಕಬೂಲ್’ ಎನಿಸಿ, ದಫ್ತರದಲ್ಲಿ ಸಹಿ ಹಾಕಿಸುವುದು. ‘ಮಿಯಾ ಬೀಬಿ ರಾಜಿ, ಕ್ಯಾ ಕರೇಗಾ ಕಾಜಿ’ ಎಂಬ ಗಾದೆಯನ್ನು ಇಲ್ಲಿ ಕನ್ನಡ ಮಾತಿನ ನಡುವೆಯೂ ಬಳಸುತ್ತಾರೆ. ಇಬ್ಬರೂ ಒಪ್ಪಿದ ಮೇಲೆ ಮೂರನೆಯವರಿಗೇನು ಕೆಲಸ ಎಂಬುದು ಅದರ ತಾತ್ಪರ್ಯ. ಜಮೀನಿನ ವ್ಯವಹಾರಕ್ಕೂ ಅದು ಸಲ್ಲುತ್ತದೆ.