ಫಿಜಿ ದ್ವೀಪಗಳಿಗೊಂದು ಚೌಕಟ್ಟು

1884ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ನಗರದಲ್ಲಿ 25 ದೇಶಗಳ ಪ್ರತಿನಿಧಿಗಳು ಸಭೆ ಸೇರಿದ್ದರು. ಗ್ರೀನಿಚ್ ಮೂಲಕ ಹಾಯುವ ರೇಖೆಯೇ ಸೊನ್ನೆ ರೇಖಾಂಶವೆಂದು ಬಹುಮತದಿಂದ ತೀರ್ಮಾನವಾಯಿತು. ಅಲ್ಲಿಂದ ಪೂರ್ವಕ್ಕೆ 180 ಡಿಗ್ರಿಯವರೆಗೆ ಧನ, ಪಶ್ಚಿಮಕ್ಕೆ 180 ಡಿಗ್ರಿಯವರೆಗೆ ಋಣ ಎಂದು ಎಣಿಸಬೇಕೆಂಬ ನಿರ್ಣಯವೂ ಆಯಿತು. ಇದೇ ಚಿಹ್ನೆಗಳು ಮುಂದೆ ಕಂಪ್ಯೂಟರ್ ಭೂಪಟಗಳಿಗೆ ತೊಡಕಾದವು.

ಕೆರೆಯಾಗಲಿ, ರಸ್ತೆಯಾಗಲಿ, ದ್ವೀಪವಾಗಲಿ, ಕಂಪ್ಯೂಟರಿಗೆ ಅದು ಅಕ್ಷಾಂಶ-ರೇಖಾಂಶಗಳ ಒಂದು ಪಟ್ಟಿ. ಎರಡರಲ್ಲೂ ಕನಿಷ್ಠ ಮತ್ತು ಗರಿಷ್ಠ ಬೆಲೆಗಳನ್ನು ಆರಿಸಿದರೆ ನಾಲ್ಕು ಸಂಖ್ಯೆಗಳು ಸಿಗುತ್ತವೆ. ಇವು ಸೂಚಿಸುವ ಆಯತವೇ 'ಬೌಂಡಿಂಗ್ ಬಾಕ್ಸ್', ಅಂದರೆ ಸುತ್ತುಚೌಕಟ್ಟು. ಇಂಥ ಚೌಕಟ್ಟುಗಳನ್ನು ಇನ್ನೂ ದೊಡ್ಡ ಚೌಕಟ್ಟುಗಳೊಳಗೆ ಜೋಡಿಸುವ 'ಆರ್-ಟ್ರೀ' ವಿಧಾನವನ್ನು ಆಂಟೊನಿನ್ ಗಟ್‌ಮನ್ 1984ರಲ್ಲಿ ಪ್ರಕಟಿಸಿದರು. ಹುಡುಕುವ ಪ್ರದೇಶವನ್ನು ದೊಡ್ಡ ಚೌಕಟ್ಟು ಮುಟ್ಟದಿದ್ದರೆ ಅದರೊಳಗಿನ ಯಾವುದನ್ನೂ ನೋಡಬೇಕಿಲ್ಲ. ಹುಡುಕಾಟ ಬೇಗ ಮುಗಿಯುತ್ತದೆ.

ಸಮತಲ ಹಾಳೆಯಲ್ಲಿ ಈ ಲೆಕ್ಕ ಸರಿ. ಆದರೆ ಭೂಮಿ ಗುಂಡಗಿದೆ. ಫಿಜಿ ದ್ವೀಪಸಮೂಹದ ನಡುವೆಯೇ 180 ಡಿಗ್ರಿ ರೇಖಾಂಶ ಹಾಯುತ್ತದೆ. ಅಲ್ಲಿನ ನಾಲ್ಕು ಬಿಂದುಗಳ ರೇಖಾಂಶ 177, 179, -179, -178 ಎಂದಿರಲಿ. ಕನಿಷ್ಠ -179, ಗರಿಷ್ಠ 179. ಕೇವಲ 5 ಡಿಗ್ರಿಯಲ್ಲಿ ಅಡಗಬೇಕಾದ ಚೌಕಟ್ಟು 358 ಡಿಗ್ರಿಗೆ ಹಿಗ್ಗಿತು! ಫಿಜಿಯ ಅಕ್ಷಾಂಶದಲ್ಲೇ ಇರುವ ಮಡಗಾಸ್ಕರ್, ಉತ್ತರ ಆಸ್ಟ್ರೇಲಿಯಗಳ ಭಾಗಗಳೂ ಅದರೊಳಗೆ ಸೇರಿಬಿಟ್ಟವು.

ಭೌಗೋಳಿಕ ದತ್ತಾಂಶದ 'ಜಿಯೋಜೇಸನ್' ನಮೂನೆಯ ಇತಿಹಾಸದಲ್ಲಿ ಈ ಪಾಠ ಸ್ಪಷ್ಟವಾಗಿ ಕಾಣುತ್ತದೆ. 2008ರ ನಿಯಮ 'ಮೊದಲು ಕನಿಷ್ಠ ಬೆಲೆಗಳು, ನಂತರ ಗರಿಷ್ಠ ಬೆಲೆಗಳು' ಎಂದಿತ್ತು. 2016ರ ಪರಿಷ್ಕೃತ ನಿಯಮ 'ಮೊದಲು ನೈಋತ್ಯ ಮೂಲೆ, ನಂತರ ಈಶಾನ್ಯ ಮೂಲೆ' ಎಂದು ಬದಲಾಯಿತು. ಉದಾಹರಣೆಯಾಗಿ ಫಿಜಿಯನ್ನೇ ಕೊಟ್ಟಿತು. ಪಶ್ಚಿಮ ಅಂಚಿನ ಸಂಖ್ಯೆ ಪೂರ್ವ ಅಂಚಿನದಕ್ಕಿಂತ ದೊಡ್ಡದಾಗಿದ್ದರೆ ಚೌಕಟ್ಟು 180ರ ರೇಖೆಯನ್ನು ದಾಟಿದೆ ಎಂದರ್ಥ.

ಹಾಗಾದರೆ ಬಿಂದುಗಳ ಸಮೂಹಕ್ಕೆ ಸರಿಯಾದ ಅಂಚುಗಳನ್ನು ಪ್ರೋಗ್ರಾಮ್ ಹೇಗೆ ಗುರುತಿಸಬೇಕು? ರೇಖಾಂಶಗಳನ್ನು ಏರಿಕೆ ಕ್ರಮದಲ್ಲಿ ಬರೆಯಿರಿ: -179, -178, 177, 179. ಇವುಗಳ ನಡುವಿನ ಅಂತರ 1, 355, 2. ಕೊನೆಯದರಿಂದ ಸುತ್ತಿ ಮೊದಲನೆಯದಕ್ಕೆ 2. ಒಟ್ಟು 360. ಅತಿ ದೊಡ್ಡ ಅಂತರ 355 ಖಾಲಿ ಜಾಗ; ಅದನ್ನು ಬಿಟ್ಟು ಉಳಿದದ್ದೇ ಚೌಕಟ್ಟು. ಅದು 177ರಲ್ಲಿ ಆರಂಭವಾಗಿ -178ರಲ್ಲಿ ಮುಗಿಯುತ್ತದೆ. ತರಗತಿಯಲ್ಲಿ ಗ್ಲೋಬಿನ ಸುತ್ತ ದಾರ ಹಿಡಿದು ಇದನ್ನು ತೋರಿಸಬಹುದು.